ಮೋಟಾರು ಮನೆಯಲ್ಲಿ ಕೀಚುಗುಟ್ಟುವ ಪೆಟ್ಟಿಗೆ

ಕನ್ನಡ ನಾಡಿನ ಮನೆಗಳಲ್ಲಿ ಹಲ್ಲಿ ಲೊಚಗುಟ್ಟಿದರೆ ಹಿರಿಯರು ಆಡುತ್ತಿದ್ದ ಮಾತನ್ನು ನಿಲ್ಲಿಸಿ, ನೆಲವನ್ನು ಬೆರಳಿನಿಂದ ತಟ್ಟಿ ‘ಕೃಷ್ಣ, ಕೃಷ್ಣ’ ಎನ್ನುವುದುಂಟು. ದನಿ ಯಾವ ದಿಕ್ಕಿನಿಂದ ಬಂತು, ಯಾವ ಹೊತ್ತಿನಲ್ಲಿ ಬಂತು ಎಂಬುದನ್ನು ಪಂಚಾಂಗದೊಡನೆ ತಾಳೆ ನೋಡಿ ಫಲ ಹೇಳುವವರೂ ಇದ್ದಾರೆ. ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡುವ ಮೋಟಾರು ಮನೆಗಳಲ್ಲಿಯೂ ಇಂಥದೇ ಒಂದು ದನಿಯುಂಟು. ನಡುರಾತ್ರಿಯಲ್ಲಿ, ಎಲ್ಲರೂ ಮಲಗಿರುವಾಗ, ನಿಮಿಷಕ್ಕೊಂದು ಬಾರಿ ‘ಕೀಚ್’ ಎಂದು ಕೂಗಿ ಸುಮ್ಮನಾಗುವ ದನಿ ಅದು. ಹಲ್ಲಿಯ ಶಕುನವನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ಈ ದನಿಯ ವಿಷಯದಲ್ಲಿ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಅದರ ಅರ್ಥವನ್ನು ತಿಳಿಯದೆ ಮಗ್ಗುಲು ಬದಲಿಸಿ ಮಲಗುವುದು ಅಪಾಯಕರ.

ಬೇಸಗೆಯ ರಜೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ತೆರಳುವ ತಂದೆತಾಯಿಗಳನ್ನು ಮೋಟಾರು ಮನೆಯಲ್ಲಿ ಕೂರಿಸಿಕೊಂಡು ಬೆಟ್ಟ ಕಣಿವೆಗಳನ್ನು ತೋರಿಸಿಕೊಂಡು ಬರುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಆದುದರಿಂದ ಈ ಪೆಟ್ಟಿಗೆಯ ಪರಿಚಯವು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ವಾಚಕರಿಗೂ ಪ್ರಯೋಜನಕಾರಿಯೆಂದು ಹೇಳಬಹುದು.

ಬೆಂಕಿಯಿಂದ ತಂಪು

ಮೋಟಾರು ಮನೆಯೆಂದರೆ ಬಸ್ಸಿನಷ್ಟು, ಇಲ್ಲವೆ ಅದಕ್ಕಿಂತ ತುಸು ಚಿಕ್ಕದಾದ ವಾಹನ. ಮುಂದೆ ಚಾಲಕನ ಪೀಠ. ಅದರ ಹಿಂದೆ ಅಡುಗೆಯ ಕಟ್ಟೆ, ಊಟದ ಮೇಜು, ಬಚ್ಚಲು, ಮಂಚಗಳು. 1966ರಲ್ಲಿ ಅಯೋವಾ ಪ್ರಾಂತದ ಫಾರೆಸ್ಟ್ ಸಿಟಿ ಎಂಬ ಊರಿನಲ್ಲಿ ವಿನ್ನಬೇಗೋ ಸಂಸ್ಥೆಯು ಇವುಗಳನ್ನು ಸಾಲಾಗಿ ತಯಾರಿಸತೊಡಗಿದ ಮೇಲೆ ಇವು ಮಧ್ಯಮ ವರ್ಗದ ಸಂಸಾರಗಳಿಗೂ ಎಟುಕುವಂತಾದವು.

ಊರಿನಿಂದ ದೂರ, ವಿದ್ಯುತ್ತಿಲ್ಲದ ಕಾಡಿನ ಅಂಚಿನಲ್ಲಿ ನಿಂತರೂ ಮನೆಯ ಸುಖ ಬೇಕೆಂದರೆ ಉರುವಲು ಜೊತೆಯಲ್ಲಿಯೇ ಇರಬೇಕು. ಆ ಉರುವಲು ಪ್ರೊಪೇನ್ ಅನಿಲ. ಭಾರತದ ಅಡುಗೆಮನೆಗಳ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯ ಚಳಿಯಲ್ಲಿಯೇ ದ್ರವವಾಗಿ ಉಳಿದುಬಿಡುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿಳಿದರೂ ಆವಿಯಾಗಬಲ್ಲುದು. ಹಿಮ ಬೀಳುವ ದೇಶಗಳಲ್ಲಿ ಅದನ್ನೇ ಆರಿಸಿಕೊಂಡಿರುವುದು ಇದೇ ಕಾರಣದಿಂದ. ಮೋಟಾರು ಮನೆಯ ಒಲೆ, ನೀರು ಕಾಯಿಸುವ ಹಂಡೆ, ಕೋಣೆಯನ್ನು ಬೆಚ್ಚಗಿಡುವ ಯಂತ್ರ, ಇವೆಲ್ಲ ನಡೆಯುವುದು ಈ ಅನಿಲದಿಂದ. ಅನೇಕ ವಾಹನಗಳಲ್ಲಿ ರೆಫ್ರಿಜರೇಟರು ಕೂಡ ಇದರ ಉರಿಯಿಂದಲೇ ತಂಪಾಗುತ್ತದೆ. ಬೆಂಕಿಯಿಂದ ತಂಪು ಹುಟ್ಟಿಸುವ ಈ ಉಪಾಯವನ್ನು 1922ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್.

ಇಷ್ಟೆಲ್ಲ ಉಪಕಾರ ಮಾಡುವ ಅನಿಲಕ್ಕೆ ಎರಡು ದುರ್ಗುಣಗಳುಂಟು. ಅದು ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರ. ಸೋರಿದರೆ ಮೇಲೇರಿ ಚದುರಿಹೋಗದೆ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ನೆಲದ ಮೇಲೆ ಹರಡುತ್ತದೆ. ಎರಡನೆಯದು, ಗಾಳಿಯ ನೂರು ಪಾಲಿನಲ್ಲಿ ಕೇವಲ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿಗೆ ಸಿಡಿದೇಳುತ್ತದೆ. ಆರು ಮೀಟರು ಉದ್ದ, ಎರಡೂಕಾಲು ಮೀಟರು ಅಗಲ, ಎರಡು ಮೀಟರು ಎತ್ತರದ ಕೋಣೆಯನ್ನು ಆ ಸ್ಥಿತಿಗೆ ತರಲು ಒಂದು ಕಿಲೋಗ್ರಾಮಿನಷ್ಟು ಅನಿಲ ಸಾಕು. ಸೋರಿದ ಅನಿಲ ಕೋಣೆಯಲ್ಲೆಲ್ಲ ಬೆರೆಯದೆ ನೆಲದ ಮೇಲೆಯೇ ನಿಲ್ಲುವುದರಿಂದ, ಅದಕ್ಕಿಂತ ಬಹಳ ಕಡಿಮೆಯಾದರೂ ಅನಾಹುತ ತಪ್ಪದು.

ಇದನ್ನು ಕಾಯಲೆಂದು ಇಟ್ಟಿರುವ ಕಾವಲುಗಾರನೇ ಗ್ಯಾಸ್ ಡಿಟೆಕ್ಟರ್. ಅಂಗೈಯಗಲದ ಈ ಪೆಟ್ಟಿಗೆಯನ್ನು ನೆಲದಿಂದ ಗೇಣೆತ್ತರದಲ್ಲಿ, ಒಲೆಯ ಕಟ್ಟೆಯ ಅಥವಾ ಮಂಚದ ಬುಡದಲ್ಲಿ ಕೂರಿಸಿರುತ್ತಾರೆ. ಅನಿಲವು ಸಿಡಿಯುವ ಪ್ರಮಾಣದ ಕಾಲು ಭಾಗವನ್ನು ಮುಟ್ಟುವುದರೊಳಗಾಗಿಯೇ ಅದು ಕೂಗಬೇಕೆಂಬುದು ಅಮೆರಿಕದಲ್ಲಿ ಅದಕ್ಕೆ ವಿಧಿಸಿರುವ ನಿಯಮ.

ಕೂಗು ಬೇರೆ, ಕೀಚು ಬೇರೆ

ಈ ಪೆಟ್ಟಿಗೆಗೆ ಎರಡು ಬಗೆಯ ಭಾಷೆಯಿದೆ. ಅನಿಲ ನಿಜವಾಗಿ ಸೋರಿದಾಗ ಅದು ಬಿಡುವಿಲ್ಲದೆ ಕರ್ಕಶವಾಗಿ ಅರಚುತ್ತದೆ. ಕೆಂಪು ದೀಪ ಮಿನುಗುತ್ತದೆ. ಆಗ ವಿಚಾರ ಮಾಡುತ್ತ ನಿಲ್ಲಬಾರದು. ಉರಿಯುತ್ತಿರುವುದನ್ನು ಆರಿಸಬೇಕು, ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಹಾಕಲೂ ಬಾರದು, ಆರಿಸಲೂ ಬಾರದು, ಬಾಗಿಲನ್ನು ತೆರೆದಿಟ್ಟು ಎಲ್ಲರೂ ಹೊರಗೆ ಬರಬೇಕು. ಅನಿಲದ ತೊಟ್ಟಿಯ ತಿರುಪು ಹೊರಗಡೆಯೇ ಇರುತ್ತದೆ. ಅದನ್ನು ಬಲಕ್ಕೆ ತಿರುಗಿಸಿ ಮುಚ್ಚಬೇಕು. ದೂರ ಹೋದ ಮೇಲೆ ಟೆಲಿಫೋನಿನಲ್ಲಿ ಅಗ್ನಿಶಾಮಕ ದಳದವರನ್ನು ಕರೆಯಬೇಕು.

ನಿಮಿಷಕ್ಕೋ ಅರ್ಧ ನಿಮಿಷಕ್ಕೋ ಒಮ್ಮೆ ಬರುವ ಚಿಕ್ಕ ಕೀಚು ಎರಡನೆಯ ಭಾಷೆ. ‘ಅನಿಲ ಸೋರಿದೆ’ ಎಂದು ಅದರ ಅರ್ಥವಲ್ಲ. ‘ಕಾವಲುಗಾರನಿಗೇ ಮೈ ಸರಿಯಿಲ್ಲ’ ಎಂದರ್ಥ. ಬ್ಯಾಟರಿಯ ಶಕ್ತಿ ಕುಂದಿರಬಹುದು, ಒಳಗಿನ ಭಾಗ ಕೆಟ್ಟಿರಬಹುದು, ಅಥವಾ ಪೆಟ್ಟಿಗೆಯ ಆಯುಸ್ಸು ಮುಗಿದಿರಬಹುದು. ಯಾವುದಕ್ಕೆ ಎಷ್ಟು ಸಲ ಕೂಗುತ್ತದೆ, ಯಾವ ಬಣ್ಣದ ದೀಪ ಹತ್ತುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಅದರ ಕೀಲಿಯು ಪೆಟ್ಟಿಗೆಯ ಮುಖದ ಮೇಲೋ ಬೆನ್ನಿನ ಮೇಲೋ ಅಚ್ಚಾಗಿರುತ್ತದೆ.

ಒಂದು ಸಂಸಾರದ ಎರಡು ರಾತ್ರಿ

ಇಂಥ ಪ್ರಸಂಗವು ಹೇಗೆ ಒದಗುತ್ತದೆಂಬುದನ್ನು ತಿಳಿಯಲು ಒಂದು ಸಂಸಾರವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಮಗ ಸೊಸೆ ಅಮೆರಿಕದಲ್ಲಿ ನೆಲೆಸಿದವರು. ಆ ಬೇಸಗೆಯಲ್ಲಷ್ಟೆ ಹಳೆಯ ಮೋಟಾರು ಮನೆಯೊಂದನ್ನು ಕೊಂಡಿದ್ದಾರೆ. ಮೈಸೂರಿನಿಂದ ಬಂದ ತಂದೆ ರೈಲ್ವೆಯ ಸಿಗ್ನಲ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ತಾಯಿಗೆ ಕೊರೊನಾ ಜ್ವರ ಬಂದು ಹೋದಂದಿನಿಂದ ವಾಸನೆ ತಿಳಿಯದು; ಕಾಫಿ ಕುದಿದು ಚೆಲ್ಲಿದರೂ ಕಣ್ಣಿಗೆ ಬಿದ್ದಾಗಲೇ ಗೊತ್ತಾಗಬೇಕು. ಸೆಪ್ಟೆಂಬರ್ ತಿಂಗಳ ಕೊನೆ. ಕೊಲರಾಡೋ ಪ್ರಾಂತದ ಬೆಟ್ಟಗಳ ನಡುವೆ ವಾಹನ ನಿಂತಿದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ.

ರಾತ್ರಿ ಮೂರು ಗಂಟೆಗೆ ಮೊದಲ ಕೀಚು. ಜೀರುಂಡೆಯೊಂದು ಒಳಗೆ ಸೇರಿಕೊಂಡಿದೆಯೆಂದು ತಾಯಿಯ ಎಣಿಕೆ. ಆರೇಳು ಸಲ ಕೂಗುವಷ್ಟರಲ್ಲಿ ಎಲ್ಲರಿಗೂ ಎಚ್ಚರವಾಯಿತು.

“ಅಪ್ಪಾ, ಇದು ಬರೀ ಬ್ಯಾಟರಿ ಗಲಾಟೆ. ತಂತಿ ಕಿತ್ತುಬಿಡ್ತೀನಿ, ಮಲಗೋಣ. ಬೆಳಗ್ಗೆ ನೋಡಿದರಾಯಿತು” ಎಂದ ಮಗ.

“ಬೇಡಪ್ಪ” ಎಂದರು ರಾಯರು. “ನಮ್ಮ ಇಲಾಖೆಯಲ್ಲಿ ಸಿಗ್ನಲ್ ಕೆಟ್ಟರೆ ಅದನ್ನು ಕೆಂಪು ಅಂತಲೇ ಲೆಕ್ಕ ಹಿಡೀತಿದ್ದೆವು. ತಂತಿ ಕಡಿದರೆ ಕೈಮರ ತಾನಾಗಿಯೇ ‘ನಿಲ್ಲು’ ಅನ್ನೋ ಹಾಗೆ ಭಾರ ಕಟ್ಟಿರ್ತಿದ್ದರು. ಕೆಟ್ಟಿದೆ ಅಂತ ಗಾಡಿ ಬಿಟ್ಟರೆ ಆಗುತ್ತೇನು? ಮೊದಲು ಎಲ್ಲರೂ ಹೊರಗೆ ನಡೆಯಿರಿ.”

ಸೊಸೆಯೂ ಅದನ್ನೇ ಅಂದಳು. “ಅತ್ತೆ, ಶಾಲು ಹೊದ್ದುಕೊಳ್ಳಿ, ಐದು ನಿಮಿಷ ಹೊರಗೆ ನಿಲ್ಲೋಣ” ಎಂದು ಕೈಹಿಡಿದು ಇಳಿಸಿದಳು. ಮಗ ಹೊರಗೆ ಹೋದ ಮೇಲೆಯೇ ಕೈದೀಪವನ್ನು ಹಚ್ಚಿ, ಅನಿಲದ ತಿರುಪನ್ನು ಮುಚ್ಚಿದ. ಬಾಗಿಲು ತೆರೆದೇ ಇತ್ತು. ಹದಿನೈದು ನಿಮಿಷಗಳಾದ ಮೇಲೆ ಒಳಗೆ ಬಂದು ಮೂಸಿ ನೋಡಿದರೆ ಯಾವ ನಾತವೂ ಇಲ್ಲ. ಒಲೆಯ ಗುಂಡಿಗಳೆಲ್ಲ ಮುಚ್ಚಿವೆ. ಕೀಚು ಮಾತ್ರ ಹಾಗೆಯೇ ಇದೆ.

ಕೂಗುತ್ತಿರುವುದು ಯಾವುದೆಂದು ಕಂಡುಹಿಡಿಯುವುದೇ ಮುಂದಿನ ಕಷ್ಟ. ವಾಹನದೊಳಗೆ ಇಂಥ ಪೆಟ್ಟಿಗೆಗಳು ಮೂರು. ಚಾವಣಿಯಲ್ಲಿ ಹೊಗೆಯದು, ಮಂಚದ ಬಳಿ ಕಾರ್ಬನ್ ಮಾನಾಕ್ಸೈಡಿನದು, ನೆಲದ ಬಳಿ ಪ್ರೊಪೇನಿನದು. ಕ್ಷಣಮಾತ್ರ ಕೇಳಿಸಿ ನಿಲ್ಲುವ ಹೆಚ್ಚು ಸ್ಥಾಯಿಯ ದನಿಯು ಕಿರಿದಾದ ಕೋಣೆಯ ಗೋಡೆಗಳಿಗೆ ಬಡಿದು ಎಲ್ಲೆಡೆಯಿಂದಲೂ ಬಂದಂತೆ ಕಿವಿಗೆ ತೋರುತ್ತದೆ. ಮೂವರು ಒಂದೊಂದು ಪೆಟ್ಟಿಗೆಯ ಬಳಿ ಉಸಿರು ಬಿಗಿಹಿಡಿದು ನಿಂತಾಗ, ಕೂಗಿದ್ದು ನೆಲದ ಬಳಿಯ ಪೆಟ್ಟಿಗೆಯೆಂದು ನಿಶ್ಚಯವಾಯಿತು.

ಮಗ ಮೀಟರು ತಂದು ಬ್ಯಾಟರಿಯನ್ನು ಅಳೆದ. 11.6 ವೋಲ್ಟ್. ತುಂಬಿದ ಬ್ಯಾಟರಿಯಾದರೆ 12.6 ತೋರಿಸಬೇಕಾಗಿತ್ತು. ರಾತ್ರಿಯೆಲ್ಲ ಬಿಸಿಗಾಳಿಯ ಯಂತ್ರದ ಫ್ಯಾನು ಸುತ್ತಿ ಬ್ಯಾಟರಿಯನ್ನು ಹೀರಿತ್ತು. ಚಳಿಯು ಉಳಿದುದನ್ನೂ ಕುಗ್ಗಿಸಿತ್ತು. ಕಾರಣ ಸಿಕ್ಕಿತೆಂದು ಎಲ್ಲರಿಗೂ ಸಮಾಧಾನ. ಕಂಬಳಿಗಳನ್ನು ಹೊದ್ದು ಬೆಳಗು ಮಾಡಿದರು. ಮರುದಿನ ಮುನ್ನೂರು ಮೈಲಿಯ ಪ್ರಯಾಣ. ಇಂಜಿನ್ನಿನ ಸದ್ದು, ಮಾತು, ಹಾಡು. ಸಂಜೆ ವಿದ್ಯುತ್ತಿನ ಸೌಕರ್ಯವಿದ್ದ ತಾಣದಲ್ಲಿ ತಂಗಿದರು. ಬ್ಯಾಟರಿ ಈಗ 13.4 ವೋಲ್ಟ್ ತೋರಿಸುತ್ತಿತ್ತು.

ಮಾತು ನಿಂತು, ದೀಪ ಆರಿದೊಡನೆ ‘ಕೀಚ್’.

ಅದು ನಿಂತೇ ಇರಲಿಲ್ಲ. ಹಗಲಿನ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಅಷ್ಟೆ. ಬ್ಯಾಟರಿ ಕುಂದಿದ್ದುದು ನಿಜ. ಆದರೆ ಕೀಚಿಗೆ ಕಾರಣ ಅದಾಗಿರಲಿಲ್ಲ. ಈ ಸಲ ಎರಡು ತಿರುಪುಗಳನ್ನು ಬಿಚ್ಚಿ ಪೆಟ್ಟಿಗೆಯ ಬೆನ್ನನ್ನು ನೋಡಿದರು. ಅದು ತಯಾರಾಗಿ ಏಳು ವರ್ಷ ಎರಡು ತಿಂಗಳಾಗಿತ್ತು. ‘ಏಳು ವರ್ಷಕ್ಕೆ ಬದಲಿಸತಕ್ಕದ್ದು’ ಎಂದು ಪಕ್ಕದಲ್ಲಿಯೇ ಅಚ್ಚಾಗಿತ್ತು.

“ಹಾಗಾದರೆ ಇದು ಇದ್ದೂ ಇಲ್ಲದ ಹಾಗೆ. ಈಗಲಾದರೂ ತಂತಿ ಕೀಳಬಹುದಲ್ಲ?” ಎಂದ ಮಗ.

“ಕೀಳು. ಆದರೆ ಗ್ಯಾಸಿನ ತಿರುಪನ್ನೂ ಮುಚ್ಚಿ ಬಾ” ಎಂದರು ರಾಯರು. “ನಿನ್ನ ಅಮ್ಮನ ಮಂಚ ಇರೋದು ಒಲೆಯ ಪಕ್ಕದಲ್ಲೇ. ಅವಳಿಗೆ ವಾಸನೆ ಗೊತ್ತಾಗಲ್ಲ. ಹೊಸ ಪೆಟ್ಟಿಗೆ ಬರೋ ತನಕ ಈ ಮನೆಯಲ್ಲಿ ಒಲೆ ಹಚ್ಚೋದು ಬೇಡ.”

ಮಗ ಮರುಮಾತಾಡದೆ ಹೊರಗೆ ಹೋಗಿ ಮುಚ್ಚಿ ಬಂದ. ಆ ರಾತ್ರಿ ಬಿಸಿಗಾಳಿಯೂ ಇಲ್ಲ, ಬಿಸಿನೀರೂ ಇಲ್ಲ. ಮರುದಿನ ಊರಿನ ಅಂಗಡಿಯಿಂದ ಹೊಸ ಪೆಟ್ಟಿಗೆ ಬಂದು ಕುಳಿತ ಮೇಲೆಯೇ ಕಾಫಿಗೆ ನೀರಿಟ್ಟರು.

ಪೆಟ್ಟಿಗೆಗೆ ಮುಪ್ಪು ಏಕೆ?

ಏಳು ವರ್ಷಕ್ಕೆ ಸರಿಯಾಗಿ ಒಂದು ಯಂತ್ರ ನಿರುಪಯೋಗಿಯಾಗುವುದೆಂದರೆ ಅದು ವ್ಯಾಪಾರಿಗಳ ತಂತ್ರವೆಂದು ಕೆಲವರು ಶಂಕಿಸುವುದುಂಟು. ಪೆಟ್ಟಿಗೆಯ ಒಳಗನ್ನು ತಿಳಿದರೆ ಶಂಕೆ ಕಡಿಮೆಯಾಗುತ್ತದೆ.

ಇಂಥ ಅನೇಕ ಪೆಟ್ಟಿಗೆಗಳಲ್ಲಿ ಇರುವುದು ತವರದ ಆಕ್ಸೈಡಿನ ಚಿಕ್ಕದೊಂದು ಬಿಲ್ಲೆ. 1960ರ ದಶಕದಲ್ಲಿ ಜಪಾನಿನ ನವೋಯೋಶಿ ತಾಗುಚಿ ಎಂಬವರು ಇದನ್ನು ಬಳಕೆಗೆ ತಂದರು. ಬಿಲ್ಲೆಯನ್ನು ಸದಾ ಬಿಸಿಯಾಗಿಟ್ಟರೆ ಗಾಳಿಯ ಆಮ್ಲಜನಕವು ಅದರ ಮೈಗೆ ಅಂಟಿಕೊಂಡು ವಿದ್ಯುತ್ತಿನ ಹರಿವನ್ನು ತಡೆಯುತ್ತದೆ. ಪ್ರೊಪೇನ್ ತಾಗಿದೊಡನೆ ಆ ಆಮ್ಲಜನಕ ಅದರೊಡನೆ ಕೂಡಿ ತೊಲಗುತ್ತದೆ. ತಡೆ ಕಡಿಮೆಯಾಗಿ ವಿದ್ಯುತ್ತು ಹೆಚ್ಚು ಹರಿಯುತ್ತದೆ. ಅದನ್ನು ಗುರುತಿಸಿ ಪೆಟ್ಟಿಗೆ ಕೂಗುತ್ತದೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬಿಲ್ಲೆಯನ್ನು ಹಗಲಿರುಳೂ ಬಿಸಿಯಾಗಿಡಬೇಕಾದುದರಿಂದ ಕೈಗಡಿಯಾರದಂತೆ ಪುಟ್ಟ ಶೆಲ್ಲಿನಿಂದ ನಡೆಯಲಾರದು. ವಾಹನದ 12 ವೋಲ್ಟಿನ ಬ್ಯಾಟರಿಗೆ ಅದನ್ನು ನೇರವಾಗಿ ಜೋಡಿಸಿರುತ್ತಾರೆ. ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸಿಟ್ಟರೂ ಅದು ಸ್ವಲ್ಪ ಸ್ವಲ್ಪವಾಗಿ ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ. ಎರಡನೆಯದಾಗಿ, ಬಿಲ್ಲೆಗೆ ಪ್ರೊಪೇನನ್ನೇ ಬೇರೆಯಾಗಿ ಗುರುತಿಸುವ ವಿವೇಕವಿಲ್ಲ. ಕೂದಲಿಗೆ ಸಿಂಪಡಿಸುವ ದ್ರವ, ಅತ್ತರು, ಮದ್ಯಸಾರ, ಬಣ್ಣ, ಅಂಟು, ನೆಲ ಒರೆಸುವ ಔಷಧಿ, ಇವುಗಳ ಆವಿಗೂ ಅದು ಕೂಗಬಹುದು. ಮೂರನೆಯದಾಗಿ, ವರ್ಷಗಳ ಕಾಲ ಇಂಥ ಆವಿಗಳು ಸೋಂಕಿ ಬಿಲ್ಲೆಯ ಮೈ ಮಂದವಾಗುತ್ತದೆ. ಹೊಳಪಿನ ಪಾಲಿಷುಗಳಲ್ಲಿಯೂ ಕೇಶದ್ರವ್ಯಗಳಲ್ಲಿಯೂ ಇರುವ ಸಿಲಿಕೋನ್ ಅದಕ್ಕೆ ವಿಶೇಷವಾಗಿ ವಿಷ. ಮಂದವಾದ ಬಿಲ್ಲೆಯು ಅನಿಲ ಬಂದಾಗಲೂ ಸುಮ್ಮನಿರಬಹುದು. ಆದುದರಿಂದಲೇ ತಯಾರಕರು ಅದಕ್ಕೊಂದು ಅವಧಿಯನ್ನು ಕಟ್ಟಿ, ಅವಧಿ ಮುಗಿದೊಡನೆ ಕೀಚುಗುಟ್ಟುವಂತೆ ಏರ್ಪಡಿಸಿರುತ್ತಾರೆ. ಮಾದರಿಯನ್ನು ಅನುಸರಿಸಿ ಇದು ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ.

ಪರೀಕ್ಷೆಯ ಕ್ರಮ

ಕೀಚು ಕೇಳಿಸಿದಾಗ ಅನುಸರಿಸಬೇಕಾದ ಕ್ರಮವನ್ನು ಹೀಗೆ ಹೇಳಬಹುದು.

ಮೊದಲು, ಅನಿಲ ಸೋರಿಲ್ಲವೆಂಬುದು ನಿಶ್ಚಯವಾಗಬೇಕು. ಕೊಳೆತ ಮೊಟ್ಟೆಯಂಥ ನಾತ ಬಂದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಹೊರಗೆ ನಡೆಯಬೇಕು. ಅತಿಯಾಗಿ ಚಾರ್ಜ್ ಆಗಿ ಕುದಿಯುವ ಸೀಸದ ಬ್ಯಾಟರಿಯೂ ಇದೇ ನಾತವನ್ನು ಸೂಸುವುದುಂಟು. ಹಾಗೆಂದು ‘ಇದು ಬ್ಯಾಟರಿಯ ನಾತವಿರಬೇಕು’ ಎಂದು ಊಹಿಸಿಕೊಂಡು ಒಳಗೆ ಕೂರಬಾರದು; ಎರಡೂ ಕೆಟ್ಟುದೇ.

ಎರಡನೆಯದಾಗಿ, ಕೂಗುತ್ತಿರುವ ಪೆಟ್ಟಿಗೆ ಯಾವುದೆಂದು ಗುರುತಿಸಬೇಕು. ಹೊಗೆಯ ಪೆಟ್ಟಿಗೆಯಾದರೆ ಅದರೊಳಗಿನ ಶೆಲ್ಲನ್ನು ಬದಲಿಸಿದರೆ ಸರಿಹೋಗಬಹುದು. ಅಮೆರಿಕದಲ್ಲಿ ಹೊಗೆಯ ಪೆಟ್ಟಿಗೆಯು ನಿಜವಾದ ಅಪಾಯದಲ್ಲಿ ಮೂರು ಮೂರು ಸಲವೂ, ಕಾರ್ಬನ್ ಮಾನಾಕ್ಸೈಡಿನದು ನಾಲ್ಕು ನಾಲ್ಕು ಸಲವೂ ಕೂಗಿ ನಡುವೆ ವಿರಾಮ ಕೊಡುವುದು ವಾಡಿಕೆ. ನಾಲ್ಕರ ಕೂಗನ್ನು ಎಂದಿಗೂ ಕೀಚೆಂದು ಭ್ರಮಿಸಬಾರದು. ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಿಗಿತದಿಂದ ಅಂಟಿಕೊಳ್ಳುತ್ತದೆ. ಜನರೇಟರಿನ ಹೊಗೆ ಒಳನುಗ್ಗಿದರೆ ಮಲಗಿದವರು ಮಲಗಿದಂತೆಯೇ ಉಳಿಯುವರು.

ಮೂರನೆಯದಾಗಿ, ಪೆಟ್ಟಿಗೆಯ ದೀಪದ ಬಣ್ಣವನ್ನೂ ಕೂಗಿನ ಲೆಕ್ಕವನ್ನೂ ಅಚ್ಚಾದ ಚೀಟಿಯೊಡನೆ ಹೋಲಿಸಬೇಕು.

ನಾಲ್ಕನೆಯದಾಗಿ, ಬ್ಯಾಟರಿಯನ್ನು ಅಳೆಯಬೇಕು. ಬ್ಯಾಟರಿಯ ಬಳಿ ಸರಿಯಾಗಿದ್ದರೂ ಪೆಟ್ಟಿಗೆಯ ಬಳಿ ಕಡಿಮೆ ಬರುತ್ತಿರಬಹುದು. ತುಕ್ಕು ಹಿಡಿದ ಕೊಂಡಿ, ಸಡಿಲವಾದ ತಂತಿ, ಕೆಟ್ಟ ಫ್ಯೂಸ್, ಇವನ್ನೂ ನೋಡಬೇಕು.

ಐದನೆಯದಾಗಿ, ಬೆನ್ನಿನ ಮೇಲಿನ ತಾರೀಖನ್ನು ನೋಡಬೇಕು. ಅವಧಿ ಮುಗಿದಿದ್ದರೆ ದುರಸ್ತಿಯ ಮಾತಿಲ್ಲ, ಬದಲಿಸುವುದೊಂದೇ ಮಾರ್ಗ. ಪರೀಕ್ಷೆಯ ಗುಂಡಿಯನ್ನೊತ್ತಿದಾಗ ಕೂಗಿತೆಂದು ಸಮಾಧಾನಪಡುವಂತಿಲ್ಲ. ಗಂಟಲು ಸರಿಯಾಗಿದೆಯೆಂಬುದಕ್ಕೆ ಅದು ಸಾಕ್ಷಿಯೇ ಹೊರತು ಮೂಗು ಸರಿಯಾಗಿದೆಯೆಂಬುದಕ್ಕಲ್ಲ.

ಬದಲಿಸುವುದು ಕಷ್ಟದ ಕೆಲಸವಲ್ಲ. ಫ್ಯೂಸನ್ನು ಮೊದಲು ತೆಗೆದು, ಹಳೆಯ ಪೆಟ್ಟಿಗೆಯ ಎರಡು ತಂತಿಗಳನ್ನು ಬಿಡಿಸಿ, ಹೊಸದರ ತಂತಿಗಳನ್ನು ಧನ ಋಣ ತಪ್ಪದಂತೆ ಜೋಡಿಸಿ ಬಿಗಿಯಬೇಕು. ಬಿಲ್ಲೆ ಬಿಸಿಯಾಗಲು ಕೆಲವು ನಿಮಿಷಗಳು ಬೇಕು. ಬಳಿಕ ಇಂಜಿನ್ನು, ರೇಡಿಯೋ ಎಲ್ಲವನ್ನೂ ನಿಲ್ಲಿಸಿ ಗಡಿಯಾರ ಹಿಡಿದು ಹತ್ತು ನಿಮಿಷ ನಿಶ್ಶಬ್ದವಾಗಿ ಕೂತು ಕೇಳಬೇಕು. ಆ ಸಂಸಾರವು ಮೊದಲ ದಿನ ಇಷ್ಟು ಮಾಡಿದ್ದರೆ ಎರಡನೆಯ ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಇದೇ ಸಂದರ್ಭದಲ್ಲಿ ಅನಿಲದ ಕೊಳವೆಯ ಕೀಲುಗಳಿಗೆ ಸೋಪಿನ ನೀರನ್ನು ಸವರಿ, ಗುಳ್ಳೆ ಏಳುವುದೇ ಎಂದು ನೋಡಿಕೊಳ್ಳುವುದು ಲೇಸು. ಬೆಂಕಿಕಡ್ಡಿ ಗೀರಿ ಸೋರಿಕೆಯನ್ನು ಹುಡುಕುವುದು ಸಾವನ್ನು ಕರೆದಂತೆ.

ಮೂಗನ್ನು ಎಷ್ಟು ನಂಬಬಹುದು?

‘ವಾಸನೆ ಬಂದೇ ಬರುತ್ತದೆ, ಪೆಟ್ಟಿಗೆ ಏಕೆ?’ ಎಂದು ಕೇಳುವವರುಂಟು. ಆ ವಾಸನೆಗೆ ಒಂದು ದುಃಖದ ಇತಿಹಾಸವಿದೆ. ಪ್ರೊಪೇನಿಗಾಗಲಿ ನೆಲದಿಂದ ಬರುವ ನೈಸರ್ಗಿಕ ಅನಿಲಕ್ಕಾಗಲಿ ಎದ್ದು ತೋರುವಂಥ ಸ್ವಂತ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕಟ್ಟಡದಡಿಯಲ್ಲಿ ನೈಸರ್ಗಿಕ ಅನಿಲವು ಸೋರಿ ತುಂಬಿಕೊಂಡಿತ್ತು. ಯಾರ ಮೂಗಿಗೂ ತಿಳಿಯಲಿಲ್ಲ. ಶಾಲೆಯ ಕಾರ್ಯಾಗಾರದಲ್ಲಿ ಮರ ಉಜ್ಜುವ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದಾಗ ಹಾರಿದ ಕಿಡಿಯಿಂದ ಕಟ್ಟಡವೇ ಎದ್ದು ಕುಸಿಯಿತು. ಮಕ್ಕಳೂ ಉಪಾಧ್ಯಾಯರೂ ಸೇರಿ ಸುಮಾರು 300 ಜನ ಮಡಿದರು. ಆ ವರ್ಷವೇ ಟೆಕ್ಸಾಸಿನಲ್ಲಿ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಬೇಕೆಂದು ಕಾನೂನಾಯಿತು. ಕ್ರಮೇಣ ಈ ಪದ್ಧತಿ ಲೋಕದಲ್ಲೆಲ್ಲ ಹಬ್ಬಿತು. ಇಂದು ಅಡುಗೆಯ ಅನಿಲದಲ್ಲಿ ಬೆರೆಸುವ ಈಥೈಲ್ ಮರ್ಕಾಪ್ಟನ್ ಶತಕೋಟಿ ಪಾಲು ಗಾಳಿಯಲ್ಲಿ ಒಂದೆರಡು ಪಾಲಿದ್ದರೂ ಆರೋಗ್ಯವಂತನ ಮೂಗಿಗೆ ತಿಳಿಯುತ್ತದೆ.

ಆದರೆ ಆ ಮೂಗು ನಿದ್ದೆಯಲ್ಲಿ ಎಚ್ಚರಿಸುವುದೆಂದು ನಂಬುವಂತಿಲ್ಲ. ನೆಗಡಿಯಲ್ಲಿ ಕಟ್ಟಿಕೊಳ್ಳುತ್ತದೆ. ಒಂದೇ ವಾಸನೆಯಲ್ಲಿ ಬಹಳ ಹೊತ್ತಿದ್ದರೆ ದಣಿದು ಅದನ್ನು ಮರೆಯುತ್ತದೆ. ವಯಸ್ಸಾದಂತೆ ಮಂದವಾಗುತ್ತದೆ. ಹೊಸ ಉಕ್ಕಿನ ತೊಟ್ಟಿಯ ಒಳಗಿನ ತುಕ್ಕು ಮರ್ಕಾಪ್ಟನ್ನನ್ನು ಹೀರಿಕೊಂಡು ಅನಿಲದ ನಾತವನ್ನೇ ಕುಗ್ಗಿಸುವುದೂ ಉಂಟು. ಮೋಟಾರು ಮನೆಯಲ್ಲಿ ತಾತ, ಅಜ್ಜಿ, ಮಕ್ಕಳು ಎಲ್ಲರೂ ಒಂದೇ ಕಿರುಕೋಣೆಯಲ್ಲಿ ಮಲಗುವರು. ಆ ಎಲ್ಲರ ಪರವಾಗಿ ಎಚ್ಚರವಾಗಿರುವುದು ಆ ಪೆಟ್ಟಿಗೆಯೊಂದೇ.

ಈ ಪೆಟ್ಟಿಗೆಗಳ ದೊಡ್ಡ ಶತ್ರು ಬೇಸರ. ‘ಹುಲಿ ಬಂತು ಹುಲಿ’ ಎಂದು ಸುಳ್ಳು ಕೂಗಿದ ದನಗಾಹಿ ಹುಡುಗನ ಕಥೆಯನ್ನು ಕೇಳದ ಮಕ್ಕಳಿಲ್ಲ. ಎರಡು ಸಲ ಅತ್ತರಿನ ಆವಿಗೆ ಕೂಗಿತು, ಮೂರನೆಯ ಸಲ ಬ್ಯಾಟರಿಗೆ ಕೂಗಿತು. ನಾಲ್ಕನೆಯ ಸಲ ಯಾರೋ ಸಿಟ್ಟಿನಿಂದ ತಂತಿಯನ್ನು ಕತ್ತರಿಸುತ್ತಾರೆ. ಕಥೆಯ ಹುಡುಗ ಸುಳ್ಳು ಹೇಳಿದ್ದ. ಪೆಟ್ಟಿಗೆ ಹೇಳಿದ್ದು ಸುಳ್ಳಲ್ಲ; ತನಗೆ ತಿಳಿದ ಎರಡೇ ಮಾತುಗಳಲ್ಲಿ ತನ್ನ ಸ್ಥಿತಿಯನ್ನು ಹೇಳಿಕೊಂಡಿತ್ತು. ಹಳೆಯ ವಾಹನವನ್ನು ಕೊಳ್ಳುವವರೂ ಬಾಡಿಗೆಗೆ ಪಡೆಯುವವರೂ ಪ್ರಯಾಣಕ್ಕೆ ಮೊದಲೇ ಪೆಟ್ಟಿಗೆಯ ಹಿಂದಿನ ತಂತಿ ಇದೆಯೆ, ಬೆನ್ನಿನ ತಾರೀಖು ಎಷ್ಟು ಎಂದು ನೋಡಿಕೊಳ್ಳುವುದು ಜಾಣತನ.

ಊರಿನ ಅಡುಗೆಮನೆಗೂ ಈ ಮಾತು

ಮೋಟಾರು ಮನೆಯನ್ನು ಎಂದೂ ಕಾಣದ ಗೃಹಿಣಿಯರಿಗೂ ಇದರಲ್ಲಿ ತಿಳಿಯತಕ್ಕ ವಿಷಯವುಂಟು. 14.2 ಕಿಲೋಗ್ರಾಮಿನ ಸಿಲಿಂಡರಿನಲ್ಲಿರುವ ಅನಿಲವೂ ಗಾಳಿಗಿಂತ ಭಾರವಾದುದೇ. ಅದಕ್ಕೆ ಕೊಳ್ಳುವ ಗ್ಯಾಸ್ ಅಲಾರಮ್ಮನ್ನು ನೆಲದ ಸಮೀಪದಲ್ಲಿ ಹಾಕಿಸಬೇಕು. ಬೆಂಗಳೂರಿನ ಹಲವು ಬಡಾವಣೆಗಳಿಗೆ ಕೊಳವೆಯ ಮೂಲಕ ಬರುತ್ತಿರುವುದು ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಚಾವಣಿಯತ್ತ ಏರುತ್ತದೆ. ಅಂಥ ಮನೆಗಳಲ್ಲಿ ಅಲಾರಮ್ಮು ಮೇಲುಗಡೆ ಇರಬೇಕು. ಸಿಲಿಂಡರನ್ನು ಬಿಟ್ಟು ಕೊಳವೆಗೆ ಬದಲಾದವರು ಹಳೆಯ ಪೆಟ್ಟಿಗೆಯನ್ನು ಹಳೆಯ ಜಾಗದಲ್ಲಿಯೇ ಬಿಟ್ಟರೆ ಅದು ತೋರಿಕೆಯ ಕಾವಲು ಮಾತ್ರ.

ಪೆಟ್ಟಿಗೆಯನ್ನು ಗೋಡೆಗೆ ಬಿಗಿಯುವ ಮೊದಲು ಅದರ ಬೆನ್ನಿನ ತಾರೀಖನ್ನು ಒಂದು ಕಾಗದದಲ್ಲಿ ಬರೆದು, ಬದಲಿಸಬೇಕಾದ ವರ್ಷವನ್ನೂ ಕೆಳಗೆ ಸೇರಿಸಿ, ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿಡುವುದು ಒಳ್ಳೆಯದು. ಅಷ್ಟು ಮಾಡಿದವರ ಮನೆಯಲ್ಲಿ ನಡುರಾತ್ರಿಯ ಕೀಚು ಬಂದರೆ, ಗಾಬರಿಯಿಂದ ತಡಕಾಡುವ ಬದಲು ಕಪಾಟಿನ ಬಾಗಿಲನ್ನು ತೆರೆದು ನೋಡಿದರೆ ಸಾಕು.